ಒಂದೇ ಪಾಯದ ಎರಡು ಮನೆ

ಪಿಯಾದ್ ಲೋಪಿಸ್‌ಗೆ ಅರವತ್ತೆಂಟು. ಹೊನ್ನಾವರದ ಅಳಿವೆಯಲ್ಲಿ ಮೊಣಕಾಲು ನೀರಿಗಿಳಿದು ಬಳಚು ಚಿಪ್ಪು ಹೆಕ್ಕಿ ಹೆಕ್ಕಿ ಸೊಂಟ ಬಾಗಿದೆ. ನಾಲಿಗೆ ಬಾಗಿಲ್ಲ. ಇಗರ್ಜಿಯ ನೆಲ ಒರೆಸುವವಳು ಅವಳೇ, ಸಾವಿನ ಮನೆಗೆ ಮೊದಲು ಗಂಜಿ ಹೊತ್ತು ಹೋಗುವವಳೂ ಅವಳೇ. ಆದರೆ ಪಕ್ಕದ ಮನೆಯ ಅಪ್ಲಿನ್ ಜೊತೆ ಮಾತು ಬಿಟ್ಟು ಹನ್ನೊಂದು ವರ್ಷವಾಯಿತು.

ಪಕ್ಕದ ಮನೆ ಎಂದರೂ ಬೇರೆಯವರದಲ್ಲ. ಇಬ್ಬರ ಗಂಡಂದಿರೂ ಅಣ್ಣತಮ್ಮಂದಿರು. ಒಂದೇ ಪಾಯದ ಮೇಲೆ ಎರಡು ಮನೆ, ನಡುವೆ ಚೀರೆಕಲ್ಲಿನ ಒಂದು ಗೋಡೆ. ಆ ಪಾಯಕ್ಕೆ ಕಲ್ಲು ಹೊತ್ತವರು ಈ ವಾರಗಿತ್ತಿಯರೇ. ಈಗ ಗಂಡಂದಿರಿಬ್ಬರೂ ಇಗರ್ಜಿಯ ಹಿಂದಿನ ಮಣ್ಣಿನಲ್ಲಿ ಒಟ್ಟಿಗಿದ್ದಾರೆ. ಹೆಂಡಂದಿರು ಗೋಡೆಯ ಆಚೆಗೊಬ್ಬಳು, ಈಚೆಗೊಬ್ಬಳು.

ಹನ್ನೊಂದು ವರ್ಷದ ಹಿಂದೆ ಮರಳು ತೆಗೆಯುವ ಯಂತ್ರದ ದೋಣಿಗಳು ಹೊಳೆಯ ತಳವನ್ನು ಬಳಚಿನ ಮರಿ ಸಮೇತ ಕೆರೆದು ಎತ್ತುತ್ತಿದ್ದವು. ಹೆಂಗಸರು ಬುಟ್ಟಿ ಮಗುಚಿಟ್ಟು ರಸ್ತೆಗೆ ಕೂತರು. ಮುಂದಿನ ಸಾಲಿನಲ್ಲಿ ಪಿಯಾದ್. ಮೂರನೆಯ ದಿನ ಒಂದು ಕಲ್ಲು ಹಾರಿತು. ಮರಳು ಲಾರಿಯ ಗಾಜು ಒಡೆದು, ಓಡಿಸುತ್ತಿದ್ದ ಕರ್ಕಿಯ ದೇವುವಿನ ಹುಬ್ಬು ಸೀಳಿತು. ಚಳವಳಿಯಲ್ಲಿ ಕಲ್ಲು ಎಸೆದವರು ಸಿಗುವುದು ಅಪರೂಪ. ಸಿಕ್ಕವರು ಎಸೆದಿರುವುದು ಇನ್ನೂ ಅಪರೂಪ. ಪೊಲೀಸರು ಎಳೆದೊಯ್ದದ್ದು ಸಾಲಿನಲ್ಲಿ ಕೂತಿದ್ದ ಲಕ್ಕಿಯನ್ನು, ಆರು ತಿಂಗಳ ಕೂಸಿನ ತಾಯಿಯನ್ನು.

ಠಾಣೆಯ ಒಳಗೆ ಲಕ್ಕಿ, ಹೊರಗೆ ಯಾರದೋ ಮಡಿಲಲ್ಲಿ ಹಸಿದ ಕೂಸು. ಪಿಯಾದ್ ಗೇಟಿನ ಮುಂದೆ ಗಂಟಲು ಹರಿಯುವ ಹಾಗೆ ಘೋಷಣೆ ಕೂಗುತ್ತಿದ್ದಳು. ಹೊತ್ತು ಇಳಿಯುವಾಗ ಅಪ್ಲಿನ್ ಎದ್ದು ಒಳಗೆ ಹೋದಳು.

"ಕಲ್ಲು ಹೊಡ್ದದ್ದು ಲಕ್ಕಿ ಅಲ್ಲ ಸಾರ್. ನಮ್ಮಕ್ಕ."

ಪಿಯಾದಳಿಗೆ ಆರು ವರ್ಷ ಕೋರ್ಟಿಗೆ ಅಲೆದಾಟ. ಜೊತೆಗೆ ಅಲೆದ ಗಂಡ ಇನಾಸ್ ಐದನೆಯ ವರ್ಷಕ್ಕೇ ಎದೆ ಹಿಡಿದುಕೊಂಡು ಹೋಗಿಬಿಟ್ಟ. "ಮನೆಯವಳೇ ಹಿಡಿದು ಕೊಟ್ಟಳು," ಎಂದು ಪಿಯಾದ್ ಊರೆಲ್ಲ ಹೇಳಿದಳು. ಊರು ಹೌದೆಂದಿತು. ಲಕ್ಕಿ ಮಾತ್ರ ಇವತ್ತಿಗೂ ಮೊದಲು ಕೊಯ್ದ ಸೌತೆಕಾಯಿಯನ್ನು ಅಪ್ಲಿನ್ ಮನೆಗೆ ತಂದುಕೊಡುತ್ತಾಳೆ.

ಅಕ್ಟೋಬರ್ ಜಪಸರದ ತಿಂಗಳು. ಸಾಯ್ಬಿಣಿಯ ಮೂರ್ತಿ, ಎಂದರೆ ಮಾತೆ ಮರಿಯಳು, ಕೇರಿಯ ಹದಿಮೂರು ಕ್ರಿಸ್ತುವರ ಮನೆಗೆ ದಿನಕ್ಕೊಂದರಂತೆ ಹೋಗುತ್ತಾಳೆ. ಸಂಜೆ ಅಕ್ಕಪಕ್ಕದವರು ಸೇರಿ ಜಪ ಹೇಳಿ, ಬೇಯಿಸಿದ ಕಡಲೆ ತಿಂದು ಎದ್ದರೆ, ಮರುದಿನ ಆ ಮನೆಯವರೇ ಮೂರ್ತಿಯನ್ನು ಮುಂದಿನ ಮನೆಗೆ ಕೈಯಾರೆ ಮುಟ್ಟಿಸಬೇಕು. ಪಿಯಾದಳದು ಹನ್ನೆರಡನೆಯ ಮನೆ, ಅಪ್ಲಿನ್‌ದು ಕೊನೆಯದು. ಇಷ್ಟು ವರ್ಷ ಕೇರಿಯ ಗುರಿಕಾರ ಜುವಾಂವ್ ಮೂರ್ತಿಯನ್ನು ಈ ಬಾಗಿಲಿಂದೆತ್ತಿ ಆ ಬಾಗಿಲಿಗೆ ಮುಟ್ಟಿಸುತ್ತಿದ್ದ. ಈ ಸಲ ಅವನು ಮೊಣಕಾಲು ಮುರಿದುಕೊಂಡು ಕುಮಟೆಯಲ್ಲಿ ಮಗಳ ಮನೆಯಲ್ಲಿದ್ದ.

"ಎಂಟು ಹೆಜ್ಜೆ ಮಾರಾಯ್ತಿ, ನೀನೇ ಕೊಟ್ಟು ಬಾ," ಎಂದ ಫೋನಿನಲ್ಲಿ.

"ನನ್ನ ಕಾಲು ಅತ್ಲಾಗೆ ಹೋಗೂದಿಲ್ಲ."

"ಮೆರವಣಿಗೆ ಹೋಗೂಕೆ ಕಾಲು ಅದೆ, ಇದಕ್ಕೆ ಇಲ್ಯ?"

ಅವಳು ಫೋನು ಇಟ್ಟಳು.

ಅವಳ ಮನೆಯ ಸರದಿಯ ದಿನ ಜಪಕ್ಕೆ ಯಾರೂ ಬಂದಿರಲಿಲ್ಲ. ಒಬ್ಬರಿಗೆ ಬೋಟು, ಒಬ್ಬರಿಗೆ ನೆಂಟರು. ನಿಜ ಏನೆಂದರೆ ಅವಳ ಬಾಯಿಗೆ ಹೆದರುತ್ತಿದ್ದರು. ಜಪವನ್ನು ಒಬ್ಬರೇ ಹೇಳುವ ಪದ್ಧತಿಯಿಲ್ಲ. 'ನಮೋ ಮರಿಯೆ'ಯ ಮೊದಲರ್ಧ ಒಬ್ಬರು ಹೇಳಿದರೆ ಉಳಿದರ್ಧ ಉಳಿದವರು ಹೇಳಬೇಕು. ಇನಾಸ್ ಹೋದಮೇಲೆ ಪಿಯಾದ್ ಎರಡೂ ಅರ್ಧವನ್ನು ತಾನೇ ಹೇಳುತ್ತಾಳೆ. ಅವತ್ತೂ ಹಾಗೇ ಹೇಳಿದಳು. ಕಡಲೆಯನ್ನೂ ಒಬ್ಬಳೇ ತಿಂದಳು.

ಮರುದಿನ ಮೂರ್ತಿ ಕೊಡಲಿಲ್ಲ. ಗೋಡೆಯಾಚೆ ಅಪ್ಲಿನ್ ಗುಡಿಸುವ ಸದ್ದು, ಬೆಂದ ಕಡಲೆಗೆ ಕಾಯಿತುರಿ ಬಿದ್ದ ಪರಿಮಳ, ಆಮೇಲೆ ಬರೀ ಕಾಯುವ ಮೌನ. ಎರಡನೆಯ ದಿನವೂ ಅದೇ. ಇರಲಿ, ಇನ್ನೆರಡು ದಿನ ನನ್ನ ಸಂಗಡ ಇರಲಿ, ಎಂದುಕೊಂಡಳು ಪಿಯಾದ್. ಮನೆಯಲ್ಲಿ ಮುಖ ಅಂತ ಇದ್ದದ್ದು ಅದೊಂದೇ.

ಮೂರನೆಯ ದಿನ ಭಾನುವಾರ. ಕ್ರಿಸ್ತುವರ ಬದುಕಿಗೆ ಪ್ರೀತಿಯೇ ಪಾಯ, ಉಳಿದದ್ದೆಲ್ಲ ಮೇಲಿನ ಹೆಂಚು ಎಂದರು ಪಾದ್ರಿ. ಒಂದು ಕಲ್ಲಾದರೂ ಹೊತ್ತಿದ್ದಾರೋ ಇವರು, ಎಂದು ಪಿಯಾದ್ ಮೂಗು ಮುರಿದಳು. ಆದರೆ ಮಾತು ಅಂಟಿಕೊಂಡಿತು. ಗೋಡೆ ಎಷ್ಟಾದರೂ ಕಟ್ಟಬಹುದು, ಪಾಯ ಸೀಳಲಾಗುವುದಿಲ್ಲ ಎಂಬುದು ಹೊತ್ತವಳಿಗೆ ಗೊತ್ತು. ತಾನು ಕಲ್ಲು ಎಸೆದದ್ದನ್ನು ಅವಳು ಚಳವಳಿಯ ವಾರವೇ ಪಾದ್ರಿಯ ಮುಂದೆ ಮೊಣಕಾಲೂರಿ ಒಪ್ಪಿಕೊಂಡಿದ್ದಳು. ಲಕ್ಕಿಯ ಕೂಸು ಅತ್ತದ್ದನ್ನು ಕೇಳಿಯೂ ನಿಜ ಹೇಳದೆ ಘೋಷಣೆ ಕೂಗಿದ್ದನ್ನು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ.

ಆ ಸಂಜೆ ಅಪ್ಲಿನ್ ಮೂರ್ತಿಯಿಲ್ಲದೆಯೇ ಜಪಕ್ಕೆ ಕೂತಳು. ಅವಳಿಗೆ ದಮ್ಮು. ಮೊದಲರ್ಧ ಹೇಗೋ ಮುಗಿಯುತ್ತಿತ್ತು, ಉಳಿದರ್ಧ ನಡುವೆಯೇ ಹರಿಯುತ್ತಿತ್ತು. ಮತ್ತೆ ಮೊದಲಿಂದ. ಮತ್ತೆ ಹರಿಯುತ್ತಿತ್ತು. ಪಿಯಾದ್ ಕಿವಿ ಮುಚ್ಚಿಕೊಂಡಳು. ಕಿವಿಯೊಳಗೆ ಬೇರೆಯೇ ಅಳು ಇತ್ತು. ಎದ್ದು ಮೂರ್ತಿಯನ್ನು ಸೆರಗಲ್ಲಿ ಸುತ್ತಿ ಹೊರಟಳು.

"ಎರಡು ದಿನದ ಕಡಲೆ ಹಳಸೋಯ್ತು," ಎಂದಳು ಅಪ್ಲಿನ್, ಬಾಗಿಲಲ್ಲಿ.

"ನಿನ್ನ ಕಡಲೆ ತಿನ್ನೂಕೆ ಬಂದವಳಲ್ಲ ನಾನು."

"ಗೊತ್ತಿದೆ. ಇಡು ಅಲ್ಲಿ."

ಮೂರ್ತಿ ಇಟ್ಟು ಪಿಯಾದ್ ಹೊಸ್ತಿಲು ದಾಟಿದಳು. ಬೆನ್ನು ಹಾಕಿಕೊಂಡೇ ಹೇಳಿದಳು: "ಆ ದಿನ ಲಕ್ಕಿ ಕೂಸು ಅಳೂದು... ನಂಗೂ ಕೇಳ್ತಿತ್ತು."

ಅಪ್ಲಿನ್ ಮೋಂಬತ್ತಿ ಹಚ್ಚುತ್ತಿದ್ದಳು. "ಕೇಳ್ತಿತ್ತು ಅಂತ ನಂಗೆ ಆವಾಗ್ಲೇ ಗೊತ್ತಿತ್ತು. ಅದಕ್ಕೇ ನೀನೇ ಎದ್ದು ಒಳಗೆ ಹೋಗ್ತೆ ಅಂತ ಸಂಜೆ ತನಕ ಕಾದೆ."

ಒಳಗೆ ಅಪ್ಲಿನ್ ಮೊದಲರ್ಧ ಹೇಳಿ ಉಸಿರಿಗಾಗಿ ನಿಂತಳು. ಹೊರಗೆ ನಿಂತವಳು ಉಳಿದರ್ಧ ಹೇಳಿದಳು.

"ಜೋರಾಗಿ ಹೇಳಕ್ಕ. ಘೋಷಣೆ ಕೂಗೂಕೆ ಗಂಟಲು ಇತ್ತಲ್ಲ."

ಐವತ್ತು ಮಣಿಯೂ ಹಾಗೇ ಮುಗಿಯಿತು, ಒಬ್ಬಳು ಒಳಗೆ, ಒಬ್ಬಳು ಹೊರಗೆ. ಒಳಗೆ ಬಾ ಎಂದು ಅವಳು ಕರೆಯಲಿಲ್ಲ, ಇವಳು ಹೋಗಲೂ ಇಲ್ಲ.

"ನಾಳೆ ಇಗರ್ಜಿಗೆ ಮುಟ್ಟಿಸ್ಬೇಕು. ನನ್ಕೈಲಿ ಆಗೂದಿಲ್ಲ."

"ಆತು. ಬೆಳಿಗ್ಗೆ ಬರ್ತೆ. ತಯಾರಾಗಿರು, ನಾ ಕಾಯೂಳಲ್ಲ."

ಪಿಯಾದ್ ಎಂಟು ಹೆಜ್ಜೆ ನಡೆದು ಬಂದು ಬಾಗಿಲು ಹಾಕಿಕೊಂಡಳು. ಮೂರ್ತಿ ಇದ್ದ ಮೂಲೆಯಲ್ಲಿ ಮೇಣದ ಕಲೆ ಮಾತ್ರ ಉಳಿದಿತ್ತು. ಗೋಡೆಯಾಚೆ ಅಪ್ಲಿನ್ ಕೆಮ್ಮಿದಳು. ಪಿಯಾದ್ ತಣ್ಣಗಾದ ಗಂಜಿ ಬಡಿಸಿಕೊಂಡು, ಗೋಡೆಯ ಕಡೆ ಮುಖ ಮಾಡಿ ಕೂತು ಉಂಡಳು.