ಮನೆಗೆ ಒಯ್ದ ಮೇಲೆ ತಕರಾರಿಲ್ಲ

ನಮ್ಮ ಕೊಟ್ಟೂರಿನ ಬಂದೂಕಿನ ಅಂಗಡಿಯಲ್ಲಿ ಒಂದು ತಗಡಿನ ಫಲಕ ತೂಗುಹಾಕಿದೆ. ‘ರಿಪೇರಿಯಾದ ಬಂದೂಕನ್ನು ಇಲ್ಲಿಯೇ ಪರೀಕ್ಷಿಸಿಕೊಂಡು ಒಯ್ಯತಕ್ಕದ್ದು. ಮನೆಗೆ ಒಯ್ದ ಮೇಲೆ ತಕರಾರಿಲ್ಲ’ ಎಂದು ಅದರ ಮೇಲೆ ಬರೆದಿದೆ. ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದ ನನಗೆ ಫಲಕ ಕಂಡಲ್ಲೆಲ್ಲ ತಪ್ಪು ಹುಡುಕುವ ಚಟ. ಇದರಲ್ಲಿ ಕಾಗುಣಿತದ ತಪ್ಪು ಸಿಗದೆ ನಿರಾಶನಾಗಿ, ಕೊನೆಗೆ ಅರ್ಥದಲ್ಲೇ ಒಂದು ದೋಷವನ್ನು ಪತ್ತೆಹಚ್ಚಿದ್ದೆ. ತಕರಾರು ಮನೆಗೆ ಒಯ್ದ ಮೇಲಲ್ಲದೆ ಇನ್ನೆಲ್ಲಿ ಹುಟ್ಟಬೇಕು, ನೀವೇ ಹೇಳಿ. ದರ್ಜಿಯ ಕನ್ನಡಿಯ ಮುಂದೆ ಮೈಗೊಪ್ಪಿ ನಿಂತ ಅಂಗಿ ಮನೆಯ ಕನ್ನಡಿಯ ಮುಂದೆ ಬಗಲಲ್ಲಿ ಹಿಡಿಯುತ್ತದೆ. ಅಂಗಡಿಯಲ್ಲಿ ಗುಡುಗುಡಿಸಿ ತಿರುಗಿದ ಮಿಕ್ಸರು ನಮ್ಮ ಮನೆಯ ಶೇಂಗಾ ಚಟ್ನಿಯನ್ನು ಕಂಡೊಡನೆ ಕೈಚೆಲ್ಲುತ್ತದೆ. ಸಲಕರಣೆಗಳಿಗೂ ಅತ್ತೆಮನೆಯ ನಡತೆ ಬೇರೆ, ತವರುಮನೆಯ ನಡತೆ ಬೇರೆ ಇರಬೇಕು.

ಈ ಅಂಗಡಿಯಲ್ಲಿ ನಾನು ಕಂಡ ಇನ್ನೊಂದು ಸೋಜಿಗವೆಂದರೆ ಜಗಳದ ಸಭ್ಯತೆ. ಮೊಬೈಲ್ ರಿಪೇರಿಯ ಅಂಗಡಿಗಳಲ್ಲಿ ಗಿರಾಕಿಗಳು ಟೇಬಲ್ ಗುದ್ದುತ್ತಾರೆ, ಏಕವಚನಕ್ಕಿಳಿಯುತ್ತಾರೆ, ವಂಶವೃಕ್ಷವನ್ನು ಬುಡಸಹಿತ ಅಲುಗಾಡಿಸುತ್ತಾರೆ. ಬಂದೂಕಿನ ಅಂಗಡಿಯಲ್ಲಿ ಮಾತ್ರ ತಕರಾರು ಪರಮ ವಿನಯದಿಂದ ಸಾಗುತ್ತದೆ. ಕೂತವರೆಲ್ಲರ ತೊಡೆಯ ಮೇಲೂ ಒಂದೊಂದು ಬಂದೂಕಿರುವಾಗ ಬಹುವಚನ ತಾನಾಗಿಯೇ ಬರುತ್ತದೆಂದು ನನ್ನ ಊಹೆ.

ಅಂಗಡಿ ಮೌನೇಶಾಚಾರ್ರದು. ಹೆಸರಿಗೆ ತಕ್ಕಂತೆ ಮಿತಭಾಷಿ. ವಯಸ್ಸು ಎಪ್ಪತ್ತರ ಆಚೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಿಂದ ಲೈಸೆನ್ಸುಳ್ಳ ರೈತರು ತಮ್ಮ ಬಂದೂಕುಗಳನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿಕೊಂಡು ಇವರಲ್ಲಿಗೇ ಬರುತ್ತಾರೆ. ಹಂದಿ, ಕರಡಿಗಳನ್ನು ಕೊಲ್ಲುವಂತಿಲ್ಲ. ಗಾಳಿಗೆ ಹಾರಿಸಿ ಬೆದರಿಸಬೇಕಷ್ಟೆ. ಆದರೂ ಗುರಿಯ ಬಗ್ಗೆ ಎಲ್ಲರಿಗೂ ಅಭಿಮಾನ. ಹಡಗಲಿಯವನೊಬ್ಬ ರಿಪೇರಿಯಾದ ಮೇಲೆ ಬೇಲಿಯ ಮೇಲಿನ ಮಡಕೆಗೆ ಗುರಿ ಹತ್ತುತ್ತಿಲ್ಲವೆಂದು ದೂರು ತಂದಿದ್ದ. ಆಚಾರ್ರು ತಲೆ ಎತ್ತದೆ, “ಮದ್ಲು ಹತ್ತತಿತ್ತೇನ್ರಿ?” ಎಂದರು. “ಇಲ್ರಿ, ಮದ್ಲೂ ಹತ್ತತಿರ್ಲಿಲ್ಲ. ಆದ್ರ ಆವಾಗ ರಿಪೇರಿ ಆಗಿರ್ಲಿಲ್ಲಲ್ರಿ!” ಎಂದು ಆತ ನ್ಯಾಯವಾಗಿಯೇ ವಾದಿಸಿದ. ಹರಪನಹಳ್ಳಿಯ ಇನ್ನೊಬ್ಬನ ಅಳಲು ಬೇರೆ: “ಸೌಂಡು ಕಮ್ಮಿ ಆಗೇತಿ ಆಚಾರ್ರೇ, ಹಂದಿ ಓಡೋದು ಬಿಟ್ಟು ತಿರುಗಿ ನಿಂತ್ಕಂಡು ನೋಡ್ತಾವೆ.” ಇಂಥವನ್ನು ಕೇಳುವುದಕ್ಕೆಂದೇ ಸಂತೆಯ ದಿನ ಕೆಲಸವಿಲ್ಲದಿದ್ದರೂ ಅಲ್ಲಿಯ ಬೆಂಚಿನ ಮೇಲೆ ಕೂತುಬರುವುದು ನನ್ನ ರೂಢಿ.

ನನ್ನ ಮನೆಯಲ್ಲೂ ಒಂದು ಬಂದೂಕಿದೆ ಎಂದರೆ ನನ್ನನ್ನು ಬಲ್ಲವರು ನಗುತ್ತಾರೆ. ದೀಪಾವಳಿಯ ಪಟಾಕಿಗೆ ಕಿವಿ ಮುಚ್ಚಿಕೊಂಡು ಒಳಮನೆ ಸೇರುವ ಶೂರ ನಾನು. ಅಜ್ಜ ಗುಡೇಕೋಟೆಯ ಕಡೆ ಹೊಲ ಮಾಡುತ್ತಿದ್ದಾಗ ಶೇಂಗಾ ಕಾಯಲೆಂದು ತಂದ ಒಂಟಿನಳಿಗೆಯ ಬಂದೂಕು ಅದು. ನಡು ಮಡಚಿ ತೋಟಾ ತುಂಬುವಂಥದು. ಹೊಲ ಕೈಬಿಟ್ಟಿತು, ಅಜ್ಜನೂ ಅಪ್ಪನೂ ಹೋದರು, ಬಂದೂಕು ಲೈಸೆನ್ಸಿನ ಸಮೇತ ನನ್ನ ಕಪಾಟಿಗೆ ಬಂತು. ಅದು ಹೊರಬರುವುದು ಮಹಾನವಮಿಯ ಆಯುಧಪೂಜೆಗೆ, ಮತ್ತು ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸುವುದಕ್ಕೆ. ನನ್ನಿಂದ ಶಾಂತಿಭಂಗವಾದೀತೆಂದು ಈ ಲೋಕದಲ್ಲಿ ಇನ್ನೂ ನಂಬಿರುವುದು ಸರಕಾರವೊಂದೇ. ಆ ಗೌರವವನ್ನು ಕಳೆದುಕೊಳ್ಳಲು ಮನಸ್ಸಾಗದೆ ಲೈಸೆನ್ಸು ನವೀಕರಿಸುತ್ತ ಬಂದಿದ್ದೇನೆ.

ಕಳೆದ ವರ್ಷ ಗಣೇಶನ ಹಬ್ಬಕ್ಕೆ ಮೊದಲು ಬಂದೂಕನ್ನು ಆಚಾರ್ರಿಗೆ ಕೊಟ್ಟು ಬಿಚ್ಚಿಸಿ, ಎಣ್ಣೆ ಹಾಕಿಸಿ, ಫಲಕದ ಆಣತಿಯಂತೆ ಅಲ್ಲಿಯೇ ಮಡಚಿ ತೆರೆದು ನೋಡಿಕೊಂಡು ಮನೆಗೆ ಒಯ್ದಿದ್ದೆ. ಮಹಾನವಮಿ ಕಳೆಯಿತು. ಕಾರ್ತಿಕದಲ್ಲಿ ನವೀಕರಣದ ಸಮಯ ಬಂದು ಠಾಣೆಗೆ ಹೋದರೆ, ಅಲ್ಲಿಯ ಪೇದೆಯ ಕೈಯಲ್ಲಿ ಬಂದೂಕು ಮಡಚಲೇ ಒಲ್ಲದು. ಆತ ಒತ್ತಿದ, ಮೊಣಕಾಲಿಗೆ ಕೊಟ್ಟು ಬಗ್ಗಿಸಿದ, ಇನ್ನೊಬ್ಬನನ್ನು ಕರೆದ. ಕೊನೆಗೆ ಬಹಳ ಮರುಕದಿಂದ, “ಇದನ್ನ ಹಿಡ್ಕೊಂಡು ದನ ಹೊಡೀಬೋದು ನೋಡ್ರಿ ಸರ. ರಿಪೇರಿ ಮಾಡಿಸ್ಕೊಂಡು ಹದಿನೈದು ದಿನದಾಗ ಬರ್ರಿ” ಎಂದು ಕಳುಹಿಸಿದ.

ಗಿರಾಕಿಯ ಸಿಟ್ಟಿಗೆ ವ್ಯಾಕರಣಜ್ಞಾನವೂ ಕೂಡಿಕೊಂಡರೆ ಆಗುವ ಅನಾಹುತವನ್ನು ಆ ದಿನ ಆಚಾರ್ರ ಅಂಗಡಿಯ ಬೆಂಚಿನ ಮೇಲಿದ್ದ ಐದಾರು ಜನ ಕಣ್ಣಾರೆ ಕಂಡರು. ಕರ್ತವ್ಯಲೋಪ, ವಿಶ್ವಾಸಭಂಗ, ಕುಶಲಕರ್ಮದ ಅವನತಿ ಎಂದೆಲ್ಲ ನಾನು ಸುದೀರ್ಘವಾಗಿ ಮಾತನಾಡಿದೆ. ಯಾರಿಗೂ ಏನೂ ತಿಳಿದಂತೆ ಕಾಣಲಿಲ್ಲ. ಅಲ್ಲಿಗೆ ನಿಲ್ಲಿಸಿದ್ದರೆ ಯಾರಿಗೂ ಕೆಡುಕಾಗುತ್ತಿರಲಿಲ್ಲ. ಆದರೆ ಶ್ರೋತೃಗಳು ಕೈಬಿಟ್ಟುಹೋಗುವುದನ್ನು ಯಾವ ಮೇಷ್ಟ್ರೂ ಸಹಿಸದ ಕಾರಣ, ಕೊನೆಯ ಒಂದು ಮಾತನ್ನು ಎಲ್ಲರಿಗೂ ತಿಳಿಯುವಂತೆ ಆಡಿದೆ: “ಕಣ್ಣಿನ ಆಪರೇಶನ್ ಆದಮ್ಯಾಲೆ ನಿಮ್ಮ ಕೈ ಸೋತೈತಿ ಬಿಡ್ರಿ ಆಚಾರ್ರೇ.”

ಆಚಾರ್ರು ಬಂದೂಕನ್ನೆತ್ತಿ ಮೂಗಿಗೆ ಹಿಡಿದು ಮೂಸಿದರು. ನನ್ನನ್ನೊಮ್ಮೆ ನೋಡಿದರು. “ಎಂಟು ದಿನ ಬಿಟ್ಟು ಬರ್ರಿ ಮೇಷ್ಟ್ರೇ” ಎಂದಷ್ಟೇ ಹೇಳಿ ಅದನ್ನು ಒಳಗಿಟ್ಟರು. ಹಂಪಸಾಗರದಿಂದ ಬಂದಿದ್ದ ಗೌಡರೊಬ್ಬರು ಆಗಲೇ ತಮ್ಮ ಬಂದೂಕನ್ನು ಮೇಜಿನ ಮೇಲಿಟ್ಟಿದ್ದರು. ಅವರು ಅದನ್ನು ಮೆಲ್ಲಗೆ ದುಪ್ಪಟಿಯಲ್ಲಿ ಸುತ್ತಿಕೊಂಡು, “ಮುಂದಿನ ವಾರ ತರ್ತೀನ್ರಿ” ಎಂದು ಎದ್ದರು. ಅವರ ಹಿಂದೆ ಇನ್ನಿಬ್ಬರು ಎದ್ದರು. ನಾನು ಗೆದ್ದವನ ಠೀವಿಯಿಂದ ಮನೆಗೆ ಬಂದು ಎರಡು ಚಪಾತಿ ಹೆಚ್ಚಿಗೆ ತಿಂದೆ.

ಮೂರು ದಶಕ ನಾನು ತರಗತಿಯಲ್ಲಿ ಆಡಿದ ಒಂದು ವಾಕ್ಯವನ್ನಾದರೂ ಯಾವ ವಿದ್ಯಾರ್ಥಿಯೂ ಬಾಗಿಲಾಚೆ ಒಯ್ದ ದಾಖಲೆಯಿಲ್ಲ. ಈ ಒಂದು ವಾಕ್ಯ ಮಾತ್ರ ಬಸ್ಸು ಹತ್ತಿ ಐದು ತಾಲೂಕುಗಳನ್ನು ಸುತ್ತಿತು. ನಾಲ್ಕನೆಯ ದಿನ ಕೂಡ್ಲಿಗಿಯ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನವರೇ ಮಾತಾಡಿಕೊಳ್ಳುತ್ತಿದ್ದರು: “ಆಚಾರಿ ಕೈ ಸೋತೈತಂತಲೇ. ಯಾರೋ ಮೇಷ್ಟ್ರ ಬಂದೂಕ ಕೆಡಿಸಿ ಇಟ್ಟಾನಂತ.” ನನ್ನ ಮಾತು ನನಗೇ ಕೇಳಿದಾಗ ಅಷ್ಟು ಚೆನ್ನಾಗಿರಲಿಲ್ಲ. ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ.

ಎಂಟನೆಯ ದಿನ ಹೋದಾಗ ಬೆಂಚು ಖಾಲಿಯಿತ್ತು. ಗೋಡೆಗೆ ಒರಗಿರುತ್ತಿದ್ದ ಬಂದೂಕುಗಳ ಸಾಲಿನಲ್ಲಿ ಎರಡೋ ಮೂರೋ ಉಳಿದಿದ್ದವು. ಆಚಾರ್ರು ನನ್ನನ್ನು ಒಳಗೆ ಕರೆದು, ಒಂದು ಹಳೆಯ ದಿನಪತ್ರಿಕೆಯನ್ನು ಬಿಚ್ಚಿ ತೋರಿಸಿದರು. ನನ್ನ ಬಂದೂಕಿನ ಒಡಲಿನಿಂದ ಹೊರಬಂದ ಸಾಮಗ್ರಿಗಳು ಅದರ ಮೇಲಿದ್ದವು: ಅಂಟಿನ ಹಾಗೆ ಗಟ್ಟಿಯಾದ ಕುಂಕುಮದ ಮುದ್ದೆ, ವಿಭೂತಿಯ ಹೆಂಟೆ, ನಾಲ್ಕಾರು ಅಕ್ಷತೆಕಾಳು, ಒಣಗಿದ ಒಂದು ಬನ್ನಿ ಎಲೆ, ಇವೆಲ್ಲವನ್ನೂ ಕೂಡಿಸಿ ಹಿಡಿದ ಕೆಂಪು ತುಕ್ಕು. ಒಂದು ಸಣ್ಣ ಗುಡಿಯ ಗರ್ಭಗೃಹವನ್ನೇ ಗುಡಿಸಿದಂತಿತ್ತು. ಹುಳಿತ ಕೊಬ್ಬರಿಯ ವಾಸನೆ ನನಗೂ ಬಡಿಯಿತು.

“ಮಾರ್ನಮಿಗೆ ಕಾಯಿ ಎಲ್ಲಿ ಒಡದ್ರಿ ಮೇಷ್ಟ್ರೇ?”

ಬಂದೂಕಿನ ಮೇಲೆಯೇ ಒಡೆದಿದ್ದೆ. ನೀರು ನೆಲಕ್ಕೆ ಚೆಲ್ಲಬಾರದೆಂದು ನಡುವಿನ ಸಂದಿಯಲ್ಲಿ ಭಕ್ತಿಯಿಂದ ಸುರಿದಿದ್ದೆ. ಅಜ್ಜನೂ ಹಾಗೆಯೇ ಸುರಿಯುತ್ತಿದ್ದ, ಕಣ್ಣಿಗೆ ಕಟ್ಟಿದಂತಿದೆ. ಆದರೆ ಅಲ್ಲಿ ನಿಂತು ನೆನೆಯುತ್ತಿದ್ದಂತೆ, ಕಣ್ಣಿಗೆ ಕಟ್ಟದೆ ಉಳಿದ ಭಾಗವೂ ಒಂದಿಷ್ಟು ಹೊಳೆಯಿತು. ಸುರಿದಾದ ಮೇಲೆ ಕೊಬ್ಬರಿ ಹೋಳು ನನ್ನ ಕೈಗೆ ಬೀಳುತ್ತಿತ್ತು, ನಾನು ಓಡಿಬಿಡುತ್ತಿದ್ದೆ. ಸಂಜೆ ಮರಳುವಾಗ ಅಜ್ಜ ಕಟ್ಟೆಯ ಮೇಲೆ ಕೂತು, ಬಂದೂಕಿನ ಒಂದೊಂದು ಭಾಗವನ್ನೂ ಬಿಚ್ಚಿ ಹಳೆಯ ಧೋತರದ ಚೂರಿನಿಂದ ಒರೆಸುತ್ತಿದ್ದ. ಪೂಜೆಯೆಂದರೆ ಅವೆರಡೂ ಕೂಡಿಯೇ ಎಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನನ್ನ ಬಾಯಲ್ಲಿ ಕೊಬ್ಬರಿಯಿತ್ತು. ಪರಂಪರೆಯನ್ನು ಉಳಿಸಿಕೊಂಡು ಬಂದಿದ್ದೇನೆಂದು ವೇದಿಕೆಗಳ ಮೇಲೆ ಎಷ್ಟು ಸಲ ಹೇಳಿಕೊಂಡಿದ್ದೇನೋ. ಉಳಿಸಿಕೊಂಡದ್ದು ಸುರಿಯುವುದನ್ನು ಮಾತ್ರ.

ಮೂಸಿ ನೋಡಿದ ದಿನವೇ ತಿಳಿದಿತ್ತಲ್ಲ, ಆ ಜನರ ಮುಂದೆಯೇ ಏಕೆ ಹೇಳಲಿಲ್ಲವೆಂದು ಕೇಳಿದೆ.

“ಲೈಸೆನ್ಸು ನಿಮ್ಮ ಹೆಸರಿಲೆ ಐತಿ. ಬಂದೂಕದಾಗ ನೀರು ಹಾಕಿ ಕೆಡಿಸ್ಯಾರ ಅಂತ ನಾಕು ಮಂದಿ ಮುಂದ ಅಂದ್ರ, ಠಾಣೇಕ ಹೋಗಿ ಮುಟ್ಟಾಕ ಎಷ್ಟೊತ್ತು ಬೇಕ್ರಿ? ಅಜ್ಜಾರ ಬಂದೂಕ ಅದು. ಪೊಲೀಸ್ರು ಕಸಗೊಂಡ್ರ ಮತ್ತ ಬರಂಗಿಲ್ಲ.” ತಮ್ಮ ಬಲಗೈಯನ್ನು ಮೇಜಿನ ಮೇಲಿಟ್ಟರು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. “ನೀವಂದದ್ದು ಪೂರಾ ಸುಳ್ಳೂ ಅಲ್ರಿ. ವರ್ಷಾತು ಹಿಂಗ. ಕೆಲಸ ಕೆಟ್ಟಿಲ್ಲ, ಹೊತ್ತು ಹಿಡೀತೈತಿ ಅಷ್ಟ. ಗಿರಾಕಿ ಮುಂದ ಯಾರಿಗೂ ಕಾಣದಂಗ ಹಿಡ್ಕೊಂಡಿದ್ದೆ.”

ಅರ್ಧ ದಿನದ ಕೆಲಸಕ್ಕೆ ಎಂಟು ದಿನ ಕೇಳಿದ್ದು ಅದಕ್ಕೇ. ನನಗೆ ಅಲ್ಲಿಯೇ ಕೂತು ಅತ್ತುಬಿಡಬೇಕೆನ್ನಿಸಿತು. ನನ್ನ ಬಂದೂಕು ಉಳಿಯಲೆಂದು ಈ ಮನುಷ್ಯ ತನ್ನ ಹೆಸರನ್ನು ಐದು ತಾಲೂಕಿಗೆ ಒತ್ತೆಯಿಟ್ಟಿದ್ದ. ಆಚಾರ್ರು ಬಂದೂಕನ್ನು ಎರಡು ಸಲ ಮಡಚಿ ತೆರೆದು ತೋರಿಸಿದರು. ಕರಕರೆಯಿಲ್ಲದೆ ನಡೆಯಿತು. ಠಾಣೆಯಲ್ಲಿ ಮರುದಿನವೇ ಪಾಸಾಯಿತು.

ಮುಂದಿನ ಸಂತೆಯ ದಿನ ಬೆಳಿಗ್ಗೆಯೇ ಹೋಗಿ ಅಂಗಡಿಯ ಬಾಗಿಲಲ್ಲಿ ನಿಂತೆ. ಮನೆಯಲ್ಲಿ ಒಂದು ಕ್ಷಮಾಯಾಚನೆಯ ಭಾಷಣವನ್ನು ಬರೆದು, ತಿದ್ದಿ, ಜೇಬಿನಲ್ಲಿಟ್ಟುಕೊಂಡಿದ್ದೆ. ಒಬ್ಬೊಬ್ಬರೇ ಬಂದರು, ಹಂಪಸಾಗರದ ಗೌಡರೂ ಬಂದರು, ಆದರೆ ಬಂದೂಕನ್ನು ಬಗಲಿನಿಂದ ಇಳಿಸದೆ ಹೊಸ್ತಿಲಾಚೆಯೇ ನಿಂತರು. ನಾನು ಭಾಷಣವನ್ನು ಜೇಬಿನಲ್ಲಿಯೇ ಬಿಟ್ಟೆ. “ಕೈ ಸೋತಿಲ್ರಿ ಇವರ್ದು. ತಪ್ಪು ನಂದು. ಬಂದೂಕದಾಗ ಕಾಯಿನೀರು ಹಾಕಿದಾವ ನಾನ” ಎಂದೆ. ಬದುಕಿನಲ್ಲಿ ನಾನು ಮಾಡಿದ ಅತ್ಯಂತ ಚಿಕ್ಕ ಭಾಷಣ ಅದು.

ನಗುತ್ತಾರೆಂದು ಕಾದೆ. ಯಾರೂ ನಗಲಿಲ್ಲ. ಒಬ್ಬರ ಮುಖವನ್ನು ಒಬ್ಬರು ನೋಡಿಕೊಂಡರು. ಕೊನೆಗೆ ಗೌಡರು ಮೆಲ್ಲನೆ, “ಹಂಗಾರ ಹಾಕಬಾರ್ದೇನ್ರಿ ಅದನ್ನ?” ಎಂದರು.

ಆಗ ನೋಡಿ, ಹೊಸ್ತಿಲಾಚೆ ನಿಂತವರೆಲ್ಲ ದುಪ್ಪಟಿ ಸರಿಸಿ ತಮ್ಮ ತಮ್ಮ ಬಂದೂಕಿನ ಸಂದಿಯನ್ನು ಮೂಸತೊಡಗಿದರು. ಕೂಡ್ಲಿಗಿಯವನು ಕಾಯಿನೀರು ಸುರಿದಿದ್ದ. ಹಡಗಲಿಯವನು ಕಾಯಿನೀರಿನ ಜೊತೆ ಪಂಚಾಮೃತವನ್ನೂ ಕುಡಿಸಿದ್ದ. ಗುರಿ ಹತ್ತದಿದ್ದುದಕ್ಕೆ, ಸಪ್ಪಳ ಕಡಿಮೆಯಾದದ್ದಕ್ಕೆ ಅಲ್ಲಿ ನಡೆದ ಸಭ್ಯ ತಕರಾರುಗಳೆಲ್ಲ ಮಹಾನವಮಿಯ ನಂತರವೇ ಬರುತ್ತಿದ್ದವೆಂದು ಆಗ ನೆನಪಾಯಿತು. ಇಷ್ಟು ವರ್ಷ ಒಂದು ಮಾತು ಹೇಳಬಾರದಿತ್ತೇ ಎಂದು ಗೌಡರು ಆಚಾರ್ರನ್ನು ಆಕ್ಷೇಪಿಸಿದರು. “ಆಯುಧ ಪೂಜಿ ಮಾಡಬ್ಯಾಡ್ರಿ ಅಂತ ಆಯುಧ ರಿಪೇರಿ ಮಾಡಾವ ಯಾವ ಬಾಯಿಲೆ ಹೇಳ್ಬೇಕ್ರಿ ಗೌಡ್ರೇ?” ಎಂದರು ಆಚಾರ್ರು. ಆಗ ಎಲ್ಲರೂ ನಕ್ಕರು. ಗೌಡರು ಒಳಗೆ ಬಂದು ತಮ್ಮ ಬಂದೂಕನ್ನು ಮೇಜಿನ ಮೇಲಿಟ್ಟು ದುಪ್ಪಟಿ ಬಿಚ್ಚಿದರು.

ಫಲಕಕ್ಕೆ ಒಂದು ಸಾಲು ಸೇರಿಸಬೇಕೆಂದು ಆ ದಿನವೇ ತೀರ್ಮಾನವಾಯಿತು. ನಾನು ‘ಆಯುಧಾಂತರ್ಭಾಗದಲ್ಲಿ ದ್ರವಪದಾರ್ಥಗಳ ನೈವೇದ್ಯವು ವರ್ಜ್ಯ’ ಎಂದು ಸೂಚಿಸಿದೆ. ಆಚಾರ್ರು ಯೋಚಿಸಿ, “ಪೂಜೆ ಹೊರಗ ಮಾಡ್ರಿ, ಸಂಜೀಕ ಒರಸ್ರಿ ಅಂತ ಸಾಕ್ರಿ” ಎಂದರು. ಕುಂಚ ಹಿಡಿಯಲು ಅವರ ಕೈ ಒಲ್ಲದೆಂದು ನಮ್ಮಿಬ್ಬರಿಗಷ್ಟೇ ಗೊತ್ತು. ಆದ್ದರಿಂದ ನಾನೇ ಸ್ಟೂಲು ಹತ್ತಿ ಬರೆದೆ. ಕರಿಹಲಗೆಗೆ ಒಗ್ಗಿದ ಕೈಗೆ ಬಣ್ಣ ಒಗ್ಗಲಿಲ್ಲ. ಅಕ್ಷರಗಳು ಬರುಬರುತ್ತ ಸಣ್ಣವಾಗಿ, ಇಳಿಜಾರಿಗೆ ಬಿದ್ದು, ‘ಒರೆಸಿರಿ’ ಎಂಬುದು ತಗಡಿನ ಅಂಚಿಗೆ ಜೋತುಬಿದ್ದಿದೆ.

ಮೊನ್ನೆ ಬೆಂಚಿನ ಮೇಲೆ ಕೂತಿದ್ದಾಗ ಹಗರಿಬೊಮ್ಮನಹಳ್ಳಿಯ ಹೊಸ ಗಿರಾಕಿಯೊಬ್ಬ ಬಂದ. ದುಪ್ಪಟಿ ಬಿಚ್ಚುವ ಮೊದಲು ಫಲಕವನ್ನು ಓದಿದ. ಮೇಲಿನ ಎರಡು ಸಾಲು ನೇರ, ಕೆಳಗಿನದು ಸೊಟ್ಟ. ಬಂದೂಕನ್ನು ಕೊಡುವುದೋ ಬೇಡವೋ ಎಂಬಂತೆ ಆಚಾರ್ರ ಬೆರಳುಗಳನ್ನೊಮ್ಮೆ ನೋಡಿ, “ಇದನ್ನ ಬರದಾವ್ರು ಯಾರ್ರಿ? ಕೈ ಸೋತಂಗೈತಲ್ರಿ” ಎಂದ.

ಆಚಾರ್ರು ತಲೆ ಎತ್ತದೆಯೇ “ನಾನ...” ಎಂದು ಬಾಯಿ ತೆರೆದರು. ಈ ಸಲ ಅವರು ನನ್ನ ತಪ್ಪನ್ನು ಹೊತ್ತುಕೊಳ್ಳುವ ಮೊದಲೇ ನಾನು ಎದ್ದು ನಿಂತೆ.

“ಅದು ನನ್ನ ಕೈರಿ” ಎಂದೆ.