ಕಲ್ಯಾಣಪ್ಪನವರ ಏಳು ನಿಮಿಷ

ಬೆಳಗಿನ ಐದೂಮುಕ್ಕಾಲು. ನಗರದಂಚಿನ ಗಚ್ಚಿಬೌಲಿಯ ಎತ್ತರದ ಕಟ್ಟಡಗಳು ಹಿಂದೆ ಸರಿದು ರಸ್ತೆಯ ಎರಡೂ ಬದಿ ಕುರುಚಲು ಕಾಡು ಶುರುವಾಗುತ್ತಲೇ ಸ್ಟಾಫ್ ಬಸ್ಸಿನ ವೇಗ ಇಪ್ಪತ್ತಕ್ಕೆ ಇಳಿಯುತ್ತದೆ. ತೆಳುವಾದ ಮಂಜು. ತಿರುವಿನಲ್ಲಿ ಜಿಂಕೆಯೊಂದು ರಸ್ತೆ ದಾಟುತ್ತದೆ. ಡ್ರೈವರ್ ಕಲ್ಯಾಣಪ್ಪ ಲೈಟು ತಗ್ಗಿಸಿ ಬಸ್ಸು ನಿಲ್ಲಿಸುತ್ತಾರೆ. ದಾರಿ ಖಾಲಿಯಾದರೂ ಹೊರಡುವುದಿಲ್ಲ. ಹಿಂದಿನ ಕಾರಿನವನು ಹಾರ್ನ್ ಬಾರಿಸುತ್ತಾನೆ, ಇವರಿಗೆ ಕಿವಿಯೇ ಇಲ್ಲ. ಅರೆ ನಿಮಿಷದ ಮೇಲೆ ಹುಲ್ಲಿನಿಂದ ಇನ್ನೆರಡು ಬರುತ್ತವೆ, ಕೊನೆಗೊಂದು ಮರಿ.

"ಮುಂದಿಂದು ದಾಟ್ತಂದ್ರ ಹಿಂದಿಂದು ಬರೋದೈತಿ ಅಂತ ತಿಳೀಬೇಕ್ರಿ," ಎಂದು ಗೇರು ಹಾಕುತ್ತಾರೆ.

ಭಾಲ್ಕಿ ಕಡೆಯ ಕಲ್ಯಾಣಪ್ಪ ಕಾರ್ಖಾನೆಯೊಂದರ ಬಸ್ಸು ಓಡಿಸುತ್ತ ಇಪ್ಪತ್ತಾರು ವರ್ಷವಾಯಿತು. ದಿನಕ್ಕೆ ತೊಂಬತ್ತು ಕಿಲೋಮೀಟರ್, ನಲವತ್ತೆರಡು ಜನ. ದಸರಾ ಕಳೆದ ಈ ಎರಡು ತಿಂಗಳು ಅವರಿಗೆ ಪರೀಕ್ಷೆಯ ಕಾಲ. ಮಳೆಗೆ ಬೆಳೆದ ಹುಲ್ಲಿನಲ್ಲಿ ಜಿಂಕೆ ಕಾಣುವುದಿಲ್ಲ, ನಾಯಿ ಅಟ್ಟಿದರೆ ನೇರ ಚಕ್ರಕ್ಕೇ ಬರುತ್ತದೆ. ಎದುರಿಗೆ ಬಂದರೂ ಅವರು ಸ್ಟಿಯರಿಂಗ್ ಹೊರಳಿಸುವುದಿಲ್ಲ, ನೇರಕ್ಕೆ ಬ್ರೇಕ್ ಒತ್ತುತ್ತಾರೆ. ಒಂದು ಜೀವ ಉಳಿಸಲು ನಲವತ್ತೆರಡು ಜನರನ್ನು ಹಳ್ಳಕ್ಕೆ ಕೆಡವುವಂತಿಲ್ಲವಲ್ಲ.

ಈ ಬುದ್ಧಿ ಪುಕ್ಕಟೆ ಬಂದದ್ದಲ್ಲ. ಹನ್ನೊಂದು ವರ್ಷದ ಹಿಂದೆ ಇದೇ ತಿರುವಿನಲ್ಲಿ ತಾಯಿ ದಾಟಿತೆಂದು ಬಸ್ಸು ಮುಂದೆ ಬಿಟ್ಟರು, ಹಿಂದಿದ್ದ ಮರಿ ಬಂಪರಿಗೆ ಬಡಿಯಿತು. ಕಾಲು ಮುರಿದಿತ್ತು, ಉಸಿರಿತ್ತು. ಸಾಯುವ ಜೀವದ ಬಾಯಿಗೆ ನೀರು ಬಿಡಬೇಕೆಂದು ಕೇಳುತ್ತ ಬೆಳೆದವರು, ತಮ್ಮ ಬಾಟಲಿಯಿಂದ ನೀರು ಬಿಟ್ಟರು. ಅದು ಶ್ವಾಸನಾಳಕ್ಕೆ ಇಳಿದು ಮರಿ ಸತ್ತುಹೋಯಿತು. ಆಮೇಲೆ ಬಂದ ಪಶುವೈದ್ಯರು, ಕಾಲು ಮುರಿದದ್ದಕ್ಕೆ ಔಷಧವಿತ್ತು ಎಂದರಂತೆ. ನೀರು ಕೊಡದೆ, ಕಣ್ಣು ಮುಚ್ಚುವ ಹಾಗೆ ಬಟ್ಟೆ ಹೊದಿಸಿ, ದೂರ ನಿಂತು ಅರಣ್ಯದವರಿಗೆ ಫೋನ್ ಮಾಡಬೇಕಿತ್ತು.

"ಪುಣ್ಯಾ ಅಂತ ಮಾಡಿದ್ನಿರಿ, ಅದೇ ಅದರ ಜೀವಾ ತೊಗೊಂತು. ಭಾಳ ದಿನ ಬಾಟಲಿ ಎತ್ತಿದ್ರ ಅದರ ಕಣ್ಣೇ ಕಾಣ್ತಿತ್ತು."

ಆ ವಾರದಿಂದಲೇ ಬಸ್ಸು ಏಳು ನಿಮಿಷ ಮೊದಲು ಹೊರಡತೊಡಗಿತು. ಆ ನಿಮಿಷಗಳೆಲ್ಲ ತಿರುವಿನಲ್ಲಿ ಕಾಯುವುದಕ್ಕೆ ಮೀಸಲು, ಯಾರ ಹಾಜರಿಯೂ ತಪ್ಪುವುದಿಲ್ಲ. ಸ್ಟೋರ್ಸಿನ ಪ್ರೇಮಾ ಮೇಡಂ ತಮ್ಮ ನಿದ್ದೆ ಕದ್ದರೆಂದು ವರ್ಷವಿಡೀ ಮುನಿಸಿಕೊಂಡಿದ್ದರು. ಈಗ ಬಸ್ಸು ನಿಂತಾಗ ಗೊಣಗುವವರನ್ನು ಸುಮ್ಮನಾಗಿಸುವವರೇ ಅವರು.

ಮಾರ್ಚಿಗೆ ಕಲ್ಯಾಣಪ್ಪನವರಿಗೆ ನಿವೃತ್ತಿ. ಅವರ ನಂತರ ಈ ಬಸ್ಸು ಓಡಿಸಲಿರುವ ಮನೋಜ ಪಕ್ಕದಲ್ಲಿ ಕೂತು ದಾರಿ ಕಲಿಯುತ್ತಿದ್ದಾನೆ. ಸಮಯಕ್ಕೆ ಸರಿಯಾಗಿ ಹೊರಟರೆ ಸಾಲದೇ ಎಂಬುದು ಅವನ ವಾದ. ಕಲ್ಯಾಣಪ್ಪನವರಿಗಿರುವ ಚಿಂತೆ ಇದೊಂದೇ, ತಾವು ಇಳಿದ ಮರುದಿನವೇ ಆ ಏಳು ನಿಮಿಷವೂ ಇಳಿದುಹೋದೀತೆಂದು. ಇವತ್ತು ಮರಿ ದಾಟಿದ್ದನ್ನು ಕಂಡ ಮೇಲೆ ಮನೋಜ ತಾನೇ ಮುಂದೆ ಬಗ್ಗಿ, ಹುಲ್ಲಿನಲ್ಲಿ ಇನ್ನೊಂದಿದೆಯೇ ಎಂದು ನೋಡಿದ.

ಡ್ರೈವರ್ ಸೀಟಿನ ಕೆಳಗೆ ಒಂದು ಚಾದರ ಮಡಿಚಿಟ್ಟಿದೆ. ಗಾಯಗೊಂಡ ಜಿಂಕೆಗೆ ಹೊದಿಸಲೆಂದು ಹನ್ನೊಂದು ವರ್ಷದ ಹಿಂದೆ ಇಟ್ಟದ್ದು. ಕಲ್ಯಾಣಪ್ಪ ಅದರ ಮೇಲೆ ಕೈಯಾಡಿಸುತ್ತಾರೆ.

"ಬಸ್ಸಿನ ಜೋಡಿ ಇದನ್ನೂ ಮನೋಜಗ ಕೊಟ್ಟು ಹೋಗ್ತೀನ್ರಿ. ಇಟ್ಟಾಗಿಂದ ಇದರ ಘಡಿ ಬಿಚ್ಚಿ ಹೊದಿಸೋ ಪ್ರಸಂಗ ಬಂದಿಲ್ಲ ನನಗ. ಅಂವಾ ರಿಟೈರ್ ಆಗೋತನಕಾನೂ ಹಿಂಗೇ ಇರ್ಲಿ."