ಬದಲಿ ಬರುವ ತನಕ

ಅಪ್ಪನನ್ನು ನೋಡಲು ಆರೈಕೆ ಕೇಂದ್ರಕ್ಕೆ ಹೋದರೆ ನಾನು ಕೂರುವುದು ಅವನ ಕೋಣೆಯಲ್ಲಲ್ಲ, ಲಿಫ್ಟಿನಲ್ಲಿ. ಜೀವಮಾನವಿಡೀ ದೊಡ್ಡ ಕಚೇರಿಯೊಂದರ ಲಿಫ್ಟ್ ನಡೆಸಿದವನು ಅವನು. ಮರೆವಿನ ಕಾಯಿಲೆ ಅಮ್ಮನ ಸಾವು, ಮನೆಯ ದಾರಿ, ನನ್ನ ಮುಖ ಎಲ್ಲವನ್ನೂ ನುಂಗಿ ನೀರು ಕುಡಿಯಿತು. ಲಿಫ್ಟನ್ನು ಮಾತ್ರ ಮುಟ್ಟಲಿಲ್ಲ. ಕೋಣೆಯಲ್ಲಿಟ್ಟರೆ ಗೋಡೆಗೆ ಗುದ್ದುವ ಮನುಷ್ಯ, ಇಲ್ಲಿಯ ಹಳೆಯ ಜಾಲರಿ ಬಾಗಿಲಿನ ಲಿಫ್ಟಿನಲ್ಲಿ ಸ್ಟೂಲು ಹಾಕಿ ಕೂರಿಸಿದರೆ ಹಸುವಿನಂತೆ ಇರುತ್ತಿದ್ದ. ಮೇಲ್ವಿಚಾರಕಿಯ ಕೈಕಾಲು ಹಿಡಿದು ಅದಕ್ಕೆ ಒಪ್ಪಿಸಿದವಳು ನಾನೇ. ಹಾಗಾಗಿ ಲಿಫ್ಟ್ ಕೈಕೊಟ್ಟ ದಿನ ಬೈಯಲು ನನಗೆ ಯಾರೂ ಸಿಗಲಿಲ್ಲ. ಬೈಯಲು ಯಾರೂ ಸಿಗದಿದ್ದರೆ ನನಗೆ ಮೈ ಉರಿಯುತ್ತದೆ.

“ಯಾವ ಮಹಡಿ ಮೇಡಂ?” ಎಂದ ಅಪ್ಪ.

“ಮೂರು,” ಎಂದೆ. ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ಕಂಡವರಿಗೆಲ್ಲ ‘ಮೇಡಂ’ ಎನ್ನುವವಳು ನಾನು. ನನ್ನನ್ನು ಹಾಗೆ ಕರೆಯುವವನು ಅಪ್ಪ ಒಬ್ಬನೇ.

ಎರಡು ದಾಟಿ ಮೂರು ಮುಟ್ಟುವ ಮೊದಲೇ ಲಿಫ್ಟ್ ಗಕ್ಕನೆ ನಿಂತಿತು. ದೀಪ ಆರಿತು. ಕಾಲ ಕೆಳಗಿನ ನೆಲ ಒಂದಿಷ್ಟು ಜಾರಿತು. ನಾನು ಕಿರುಚಿದೆ. ಅಳುವೂ ಬಂತು, ಯಾಕೆ ಸುಳ್ಳು ಹೇಳಲಿ.

“ಹೆದರ್ಬೇಡಿ ಮೇಡಂ. ನಾನಿದ್ದೀನಲ್ಲ,” ಎಂದ ಅಪ್ಪ.

ಎಷ್ಟು ದಿನದಿಂದ ಆ ಮಾತಿಗೆ ಕಾದಿದ್ದೆನೋ. ಅದು ಯಾರೋ ಮೇಡಂಗೆ ಸಿಕ್ಕಿತು.

ಸ್ವಲ್ಪ ಹೊತ್ತಿಗೆ ಲಿಫ್ಟ್ ಮೆಕ್ಯಾನಿಕ್ ಬಂದು ಮೂರನೇ ಮಹಡಿಯ ಬಾಗಿಲು ತೆರೆದು ಟಾರ್ಚ್ ಬಿಟ್ಟ. ಆ ಮಹಡಿಯ ನೆಲ ನನ್ನ ಸೊಂಟದ ಮಟ್ಟಕ್ಕಿತ್ತು. “ಬ್ರೇಕ್ ಸರಿಯಾಗಿ ಹಿಡೀತಿಲ್ಲ ಅಕ್ಕಾ, ಲಿಫ್ಟ್ ಜಾರ್ತಿದೆ. ಬೇಗ ಹತ್ತಿ!”

“ಅಪ್ಪಾ, ಮೊದಲು ನೀನು.”

“ಮೊದಲು ಜನ ಇಳೀಬೇಕು,” ಎಂದು ಅವನು ನನ್ನ ರಟ್ಟೆ ಹಿಡಿದು ಮೇಲೆ ನೂಕಿಯೇಬಿಟ್ಟ. ಹೊರಗೆ ಬಿದ್ದು ತಿರುಗಿ ನೋಡಿದರೆ, ಜಾಲರಿ ಮತ್ತೆ ಎಳೆದುಕೊಂಡು ಸ್ಟೂಲಿನ ಮೇಲೆ ಕೂತಿದ್ದ.

“ಅಜ್ಜಾ, ಬಾಗಿಲು ತೆಗೀರಿ!” ಎಂದು ಮೆಕ್ಯಾನಿಕ್ ಕೂಗಿದ.

“ಲಿಫ್ಟ್ ಕೆಟ್ಟಿದೆ. ಮೆಟ್ಟಿಲು ಹತ್ಕೊಂಡು ಹೋಗಿ.”

ಓಡಿ ಬಂದ ಮೇಲ್ವಿಚಾರಕಿ ಗದರಿದಳು. ಅವನು ಇನ್ನಷ್ಟು ಸೆಟೆದು ಕೂತ. ಲಿಫ್ಟ್ ಮತ್ತೆ ಜಾರಿತು; ಈಗ ಮಹಡಿಯ ನೆಲ ಕೂತಿದ್ದ ಅವನ ತಲೆಗಿಂತ ಮೇಲಿತ್ತು. ಇನ್ನೆರಡು ಸಲ ಜಾರಿದರೆ ಹೊರಗೆ ತೂರಲು ಸಂದೇ ಉಳಿಯುವುದಿಲ್ಲ ಎಂದ ಮೆಕ್ಯಾನಿಕ್.

“ಅಪ್ಪಾ, ನಾನು ನಿನ್ನ ಮಗಳು! ಬಾ!”

“ಡ್ಯೂಟೀಲಿದ್ದೀನಮ್ಮ. ಮನೆಯವರು ಬಂದ್ರೂ ಅಷ್ಟೆ.”

ಈ ಹಟ ಹೊಸದಲ್ಲ. ನಾನು ಹುಟ್ಟಿದ ದಿನ ಆಸ್ಪತ್ರೆಯಿಂದ ಕರೆ ಬಂದರೂ ಬದಲಿಯವನು ಬರುವ ತನಕ ಇವನು ಸ್ಟೂಲು ಬಿಟ್ಟೇಳಲಿಲ್ಲವೆಂದು ಅಮ್ಮ ಕೊನೆಯವರೆಗೂ ಆಡಿಕೊಳ್ಳುತ್ತಿದ್ದಳು. ಅದು ನೆನಪಾದದ್ದೇ ಉಪಾಯ ಹೊಳೆಯಿತು.

ಕಣ್ಣೊರೆಸಿಕೊಂಡು ಗಂಟಲು ಗಟ್ಟಿಮಾಡಿಕೊಂಡೆ. “ಬದಲಿಗೆ ನಾನು ಬಂದಿದ್ದೀನಿ. ಬಾಗಿಲು ತೆಗೀರಿ.”

ಅಪ್ಪ ತಲೆಯೆತ್ತಿದ. “ಇಷ್ಟು ಹೊತ್ತಿಗಾ ಬರೋದು?”

“ತಪ್ಪಾಯ್ತು. ಬಸ್ ಸಿಗ್ಲಿಲ್ಲ.”

“ದಿನಾ ಇದೇ ಕತೆ.” ಜಾಲರಿ ಸರಿಸಿದ. ಆದರೆ ಏಳಲಿಲ್ಲ. “ಒಳಗೆ ಬಂದು ಕೂತ್ಕೊ. ಖಾಲಿ ಬಿಟ್ಟು ಹೋಗೋಕಾಗುತ್ತಾ?”

“ಅಕ್ಕಾ, ಬೇಡ!” ಎಂದ ಮೆಕ್ಯಾನಿಕ್.

ಇಳಿದೆ. ಆ ಸ್ಟೂಲಿನ ಮೇಲೆ ಕೂತೆ. ಆಗ ಎದ್ದ ನೋಡಿ ಪುಣ್ಯಾತ್ಮ. ಅಂಗಿ ಸರಿಮಾಡಿಕೊಂಡು, “ಒಳಗೆ ಯಾರನ್ನೂ ಬಿಟ್ಟು ಇಳೀಬೇಡ,” ಎಂದ. ನಾನು ಹೆಗಲು ಕೊಟ್ಟು ಎತ್ತಿದೆ, ಮೆಕ್ಯಾನಿಕ್ ಎಳೆದ. ಅಪ್ಪನ ಬೂಟುಗಳು ಮೇಲೆ ಮಾಯವಾದ ಕೂಡಲೇ ಲಿಫ್ಟ್ ಇನ್ನೊಮ್ಮೆ ಜಾರಿತು. ಸ್ಟೂಲು ಹತ್ತಿ ಆ ಸಂದಿಗೆ ತಲೆ ತೂರಿಸಿದೆ. ನನ್ನನ್ನು ಅವರು ಎಳೆದುಕೊಂಡಾಗ ಅಂಗಿಯ ತೋಳು ಹರಿಯಿತು, ಮೊಣಕೈಯ ಚರ್ಮವೂ ಸುಲಿಯಿತು.

ಅಪ್ಪನ ಕೋಣೆಗೆ ಹೋದೆ. ಅಪ್ಪ ಮಂಚದ ಮೇಲೆ ಕೂತು ಬೂಟು ಬಿಚ್ಚುತ್ತಿದ್ದ. ನನ್ನನ್ನು ಕಂಡು ಕೆಂಡವಾದ.

“ಲಿಫ್ಟ್ ಬಿಟ್ಟು ಬಂದ್ಯಾ?”

“ಖಾಲಿ ಮಾಡಿ ಬಂದೆ. ಒಳಗೆ ಯಾರೂ ಇಲ್ಲ.”

“ಒಬ್ಳು ಹೆಂಗಸು ಅಳ್ತಿದ್ಲಲ್ಲ?”

“ಇಳಿದ್ಲು. ನೀವೇ ಇಳಿಸಿದ್ರಿ.”

ಅವನಿಗೆ ಸಮಾಧಾನವಾಗಲಿಲ್ಲ. “ಮನೆ ತನಕ ಬಿಟ್ಟು ಬರ್ಬೇಕಿತ್ತು. ಪಾಪ, ಅವಳಿಗೆ ಯಾರೂ ಇಲ್ಲ ಅನ್ಸುತ್ತೆ.”

“ಇದ್ದಾರೆ,” ಎಂದೆ, ಅವನ ಇನ್ನೊಂದು ಬೂಟು ಬಿಚ್ಚುತ್ತ.